ಎವಾಸಿಯೊ ಹತ್ತದ ಗೋಪುರ

ಪದವಿ ಕೈಸೇರುವ ಮೊದಲು ಅಂತೊನೆಲ್ಲಿಯಾನಾ ಗೋಪುರವನ್ನು ಹತ್ತಿದ ವಿದ್ಯಾರ್ಥಿಗೆ ಪದವಿ ದಕ್ಕುವುದಿಲ್ಲವೆಂಬ ಮಾತು ನಮ್ಮ ಟೊರಿನೊ ಊರಿನಲ್ಲಿದೆ. ನಂಬುವುದಿಲ್ಲವೆಂದು ನಗುವವರೂ ಹತ್ತುವುದಿಲ್ಲ. ನಾನೂ ಓದುವಾಗ ಹತ್ತಿರಲಿಲ್ಲ. ಆದರೆ ಈ ನೇಮವನ್ನು ಮೂವತ್ತು ವರ್ಷಕ್ಕೂ ಮೀರಿ ಪಾಲಿಸಿದವರೆಂದರೆ, ನನಗೆ ತಿಳಿದಂತೆ, ಎವಾಸಿಯೊ ಒಬ್ಬರೇ.

ಅವರು ನಮ್ಮ ಮೇಲಿನ ಮನೆಯವರು. ನಾನು ಕೌಂಟರಿನಲ್ಲಿ ನಿಲ್ಲುವ ಚಾಕೊಲೇಟ್ ಅಂಗಡಿಯ ಹಿಂಭಾಗದಲ್ಲಿ ಅವರ ಮೇಜು. ಹೇಜಲ್‌ನಟ್ ಅರೆದು ಬೆರೆಸಿದ ಮೆತ್ತನೆಯ ಚಾಕೊಲೇಟನ್ನು ಎರಡು ಅಗಲ ಅಲಗುಗಳಲ್ಲಿ ಎತ್ತಿ, ಮಗುಚಿದ ದೋಣಿಯ ಆಕಾರದಲ್ಲಿ ಒಂದೊಂದಾಗಿ ಮಣೆಗೆ ಇಳಿಸುವುದು ಅವರ ಕೆಲಸ, ಅಚ್ಚು ಬಳಸುವುದಿಲ್ಲ. ಹರೆಯದಲ್ಲೇ ವಿಶ್ವವಿದ್ಯಾಲಯದಲ್ಲಿ ಇತಿಹಾಸಕ್ಕೆ ಹೆಸರು ಹಚ್ಚಿ, ಒಂದೊಂದೇ ಪರೀಕ್ಷೆ ಮುಗಿಸಿ, ಕೊನೆಗೆ ಲ್ಯಾಟಿನ್ ಒಂದನ್ನು ಉಳಿಸಿಕೊಂಡಿದ್ದರು. ಪದವೀಧರರನ್ನೆಲ್ಲ 'ದೊತ್ತೋರೆ' ಎಂದು ಕರೆಯುವ ಊರಿದು. ಚಾಕೊಲೇಟಿಗೆ ಕಾಗದ ಸುತ್ತುವ ಹೆಂಗಸರು ಅವರನ್ನು ಕೆಣಕದೆ ಬಿಡುತ್ತಿರಲಿಲ್ಲ.

"ದೊತ್ತೋರೆ, ಈ ಸಲಾನಾದ್ರೂ ಲ್ಯಾಟಿನ್ ಸಾಯುತ್ತಾ?"

"ಅದು ಸತ್ತು ಸಾವಿರ ವರ್ಷ ಆಯ್ತು ಕಣಮ್ಮಾ. ಸಾಯ್ತಿರೋನು ನಾನು."

ಅವರ ಹೆಂಡತಿ ಕ್ಲೇಲಿಯಾ ಟ್ರಾಮ್ ಓಡಿಸಿ ನಿವೃತ್ತರಾದವರು. ಅವರ ಬಾಲ್ಕನಿಯಲ್ಲಿ ನಿಂತರೆ, ಎದುರುಮನೆಯ ಮಾಡಿನ ಮೇಲೆ ಗೋಪುರದ ತುದಿ ಮಾತ್ರ ಕಾಣುತ್ತದೆ. ಭಾನುವಾರದ ಊಟಕ್ಕೆ ನಾನು ಹೋದಾಗಲೆಲ್ಲ ಅದೇ ಜಗಳ.

"ಮೇಲೆ ಹತ್ತಿ ನೋಡಿದ್ರೆ ನಮ್ಮ ಬಾಲ್ಕನಿ ಕಾಣುತ್ತೆ," ಎನ್ನುತ್ತಿದ್ದರು ಕ್ಲೇಲಿಯಾ.

"ಕಾಣಲ್ಲ. ಎದುರುಗಡೆ ಮಾಡು ಅಡ್ಡ ಬರುತ್ತೆ."

"ಹತ್ತದೇ ಇರೋನಿಗೆ ಹೇಗಯ್ಯಾ ಗೊತ್ತು?"

"ಹಾಗಾದ್ರೆ ನೀನೇ ಹತ್ತಿ ನೋಡ್ಕೊಂಡು ಬಾ."

"ಒಬ್ಬಳೇ ಹೋಗೋ ಹಾಗಿದ್ರೆ ನಿನ್ನನ್ನ ಯಾಕೆ ಕಟ್ಕೊಳ್ತಿದ್ದೆ? ರೊಮಿಲ್ಡಾ, ನೀನಾದ್ರೂ ಹೇಳೇ ಈ ಕತ್ತೆಗೆ!"

ಮೇಲಿನಿಂದ ಗುರುತು ಸಿಗಲೆಂದು ಕ್ಲೇಲಿಯಾ ಬಾಲ್ಕನಿಯ ಕಂಬಿಗೆ ಹಳದಿ ಬಟ್ಟೆಯೊಂದನ್ನು ಕಟ್ಟಿದ್ದರು. ಬಿಸಿಲಿಗೆ ಮಾಸಿದಾಗಲೆಲ್ಲ ಬದಲಿಸುತ್ತಿದ್ದರು.

ಹಿಂದಿನ ವರ್ಷ ಅಕ್ಟೋಬರಿನಲ್ಲಿ ಕ್ಲೇಲಿಯಾ ಅವರ ಕಾಯಿಲೆಯ ಹೆಸರು ತಿಳಿಯಿತು. ಆ ವಾರದ ಊಟದಲ್ಲಿ ಅವರೇ ಮಾತು ತೆಗೆದರು.

"ಬರೋ ಭಾನುವಾರ ಹೋಗೋಣ. ಲಿಫ್ಟ್ ಇದೆ. ಈಗಿನ್ನೂ ನಿಂತ್ಕೊಳ್ಳೋಕಾಗುತ್ತೆ ನನಗೆ."

"ಫೆಬ್ರವರೀಲಿ ಲ್ಯಾಟಿನ್," ಎಂದರು ಎವಾಸಿಯೊ. "ಬೇಸಿಗೇಲಿ ಪದವಿ. ಆಗ ಹೋಗೋಣ."

"ಬೇಸಿಗೇಲಿ."

"ಹೂಂ."

ಕ್ಲೇಲಿಯಾ ಬ್ರೆಡ್ಡಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ಜಗಳ ಮುಂದುವರಿಯಲಿಲ್ಲ. ನನ್ನನ್ನು ಕಳಿಸಲು ಮೆಟ್ಟಿಲವರೆಗೆ ಬಂದ ಎವಾಸಿಯೊ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡರು.

"ಈಗ ಹತ್ತಿದ್ರೆ, ಅವಳಿಗೆ ಬೇಸಿಗೆ ಇಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಲ್ವಾ?"

ಕ್ಲೇಲಿಯಾ ಜನವರಿಯಲ್ಲಿ ತೀರಿಕೊಂಡರು.

ಫೆಬ್ರವರಿಯಲ್ಲಿ ಎವಾಸಿಯೊ ಪರೀಕ್ಷೆಗೆ ಹೋದರು. ಹೋಗದಿರಲು ಕಾರಣ ಹೊಳೆಯಲಿಲ್ಲವೆಂದು ಆಮೇಲೆ ಹೇಳಿದರು. ತೇರ್ಗಡೆಗೆ ಬೇಕಾದಷ್ಟೇ ಅಂಕ ಬಂತು. ಜುಲೈಯಲ್ಲಿ ಪ್ರಬಂಧದ ಮಂಡನೆಯೂ ಮುಗಿದು ಪದವಿ ಕೈಸೇರಿತು. ಕಾಗದ ಸುತ್ತುವ ಹೆಂಗಸರು ಹೊಸ ಪದವೀಧರರು ತೊಡುವ ಲಾರೆಲ್ ಎಲೆಯ ಕಿರೀಟ ತಂದು ತೊಡಿಸಿ, "ದೊತ್ತೋರೆ" ಎಂದರು. ಈ ಸಲ ಯಾರ ದನಿಯಲ್ಲೂ ಕುಚೋದ್ಯವಿರಲಿಲ್ಲ. ಎವಾಸಿಯೊ ಎಲ್ಲರ ಕೈ ಕುಲುಕಿದರು, ಅಂಗಡಿಯಲ್ಲಿ ಗಿರಾಕಿಗಳ ಕೈ ಕುಲುಕುವಂತೆ.

"ಮೇಲಕ್ಕೆ ಬರ್ತೀಯಾ?" ಎಂದು ನನ್ನನ್ನು ಕೇಳಿದರು.

ಗೋಪುರದ ಲಿಫ್ಟಿನಲ್ಲಿದ್ದ ಪ್ರವಾಸಿಗಳು ಕಿರೀಟ ಕಂಡು ಚಪ್ಪಾಳೆ ತಟ್ಟಿದರು. ಎವಾಸಿಯೊ ತಲೆಬಾಗಿದರು. ಮೇಲೆ ಹವೆ ತಿಳಿಯಾಗಿತ್ತು. ಆಲ್ಪ್ಸ್ ಬೆಟ್ಟಸಾಲು ಪೂರ್ತಿ ಕಾಣುತ್ತಿತ್ತು. ಅದನ್ನವರು ನೋಡಲಿಲ್ಲ. ನದಿಯಿಂದ ಹಿಡಿದು ನಮ್ಮ ಬೀದಿಯನ್ನು, ಬೀದಿಯಿಂದ ಎದುರುಮನೆಯ ಮಾಡನ್ನು ಹುಡುಕಿಕೊಂಡರು. ನಾಲ್ಕೂ ದಿಕ್ಕಿಗೆ ಸುತ್ತಿ ಬಂದು ಮತ್ತೆ ಅಲ್ಲೇ ನಿಂತರು.

"ಕಾಣಲ್ಲ."

"ಇಲ್ಲ," ಎಂದೆ.

"ನಾನು ಹೇಳಿದ್ದೇ ಸರಿ," ಎಂದರು, ಬರುತ್ತಿರುವ ಟ್ರಾಮಿನ ನಂಬರು ಓದಿದಂತೆ.

ಅವರ ಮನೆಗೆ ಮರಳಿ ನಾನು ಕಾಫಿಗಿಟ್ಟೆ. ಅವರು ಕಿರೀಟವನ್ನು ಕುರ್ಚಿಯ ಮೇಲಿಟ್ಟು ಬಾಲ್ಕನಿಗೆ ಹೋದರು. ಚಳಿಗಾಲದಿಂದ ಅಲ್ಲೇ ಇದ್ದು ಮಾಸಿದ ಬಟ್ಟೆಯನ್ನು ಬಿಚ್ಚಿದರು. ಬೀರುವಿನಿಂದ ಹೊಸ ಹಳದಿ ಬಟ್ಟೆಯೊಂದನ್ನು ತಂದು ಅದೇ ಜಾಗದಲ್ಲಿ ಗಂಟು ಹಾಕಿ, ಎಳೆದು ನೋಡಿ ಒಳಗೆ ಬಂದರು.

"ಸಕ್ಕರೆ ಹಾಕಿದ್ಯಾ?" ಎಂದು ಕೇಳಿದರು.