ಟೈಲರಮ್ಮನ ಚಿಟ್ಟೆ ಲೆಕ್ಕ
ನಮ್ಮ ಬೀದಿಯ ಟೈಲರಮ್ಮ ಯಾರ ಸೊಂಟದ ಅಳತೆ ಮರೆತರೂ ಚಿಟ್ಟೆಗಳ ಲೆಕ್ಕ ಮರೆಯುವವರಲ್ಲ. ಚಳಿಗೆ ಮುಂಚೆ ಕೇಸರಿ ಚಿಟ್ಟೆಗಳ ಹಿಂಡು ಅಂಗಡಿಯ ಮೇಲೆ ದಕ್ಷಿಣಕ್ಕೆ ಹಾಯತೊಡಗಿದರೆ ಮುಗಿಯಿತು, ಮದುಮಗನೇ ಬಂದು ಕೋಟು ಕೇಳಿದರೂ "ತಾಳಪ್ಪಾ, ನಮ್ಮ ಹುಡುಗೀರು ಹೊರಟಿದಾರೆ" ಅನ್ನುತ್ತಾರೆ. ಹತ್ತು ಚಿಟ್ಟೆಗೊಂದು ಸೀಮೆಸುಣ್ಣದ ಗೀಟು, ಅದೂ ಕೈಗೆ ಸಿಕ್ಕಿದ ಬಟ್ಟೆಯ ಮೇಲೆ. ಒಮ್ಮೆ ವಕೀಲರ ಕರಿಕೋಟಿನ ಬೆನ್ನೇರಿ ನಾನೂರು ಚಿಟ್ಟೆಗಳು ಕೋರ್ಟಿಗೆ ಹೋಗಿಬಂದವು. ವಕೀಲರು ಕೂಗಾಡುತ್ತ ಬಂದರೆ, "ಒರೆಸಿಬಿಟ್ರಾ? ನಾನಿನ್ನೂ ಬರ್ಕೊಂಡೇ ಇರ್ಲಿಲ್ವಲ್ರೀ!" ಎಂದು ಅವರನ್ನೇ ಗದರಿಸಿದರು. "ಒಂದು ಗುಂಡಿಯಷ್ಟು ತೂಕ ಇಲ್ಲ, ಸಮುದ್ರ ದಾಟ್ತವೆ" ಎನ್ನುವಾಗ, ಹೆತ್ತ ಮಗಳೇ ಪದಕ ತಂದಂತೆ ಅವರ ಮುಖ ಅರಳುತ್ತದೆ. ಈ ಸಲ ಚಳಿ ಕಳೆದು ಹಿಂಡು ಮರಳಿದಾಗ, "ಹೋದವೇ ಬಂದ್ವಾ?" ಎಂದು ಕೇಳಿದೆ. "ಎಲ್ಲಿ ಬರ್ತವೆ? ಅವಕ್ಕೆ ಅಷ್ಟು ಆಯಸ್ಸಿಲ್ಲ. ದಾರೀಲೇ ಮೊಟ್ಟೆ ಇಟ್ಟು ಮುಗೀತವೆ. ಬಂದಿರೋದು ಮೊಮ್ಮಕ್ಕಳು. ದಾರಿ ತೋರಿಸೋಕೆ ಒಬ್ಬರೂ ಇಲ್ಲ, ಆದ್ರೂ ತಪ್ಪಲ್ಲ ನೋಡು!" ಎಂದು ಹಳೆಯ ಅಳತೆ ಪುಸ್ತಕ ತೆರೆದರು. ಮೊದಲ ಸಾಲಿನಲ್ಲಿ ಹೊರಟವುಗಳ ಲೆಕ್ಕ ದುಂಡು ಅಕ್ಷರದಲ್ಲಿತ್ತು. ಪಕ್ಕದಲ್ಲೇ ಮರಳಿ ಬಂದವುಗಳ ಲೆಕ್ಕ ಬೇರೆಯವರ ಬರಹದಲ್ಲಿತ್ತು. "ಆ ವರ್ಷ ಕಳಿಸಿದ್ದು ನಮ್ಮಜ್ಜಿ" ಎಂದರು. "ವಾಪಸ್ ಬರೋ ಹೊತ್ತಿಗೆ ಅವರಿರಲಿಲ್ಲ. ಬರಮಾಡಿಕೊಂಡಿದ್ದು ನಮ್ಮಮ್ಮ. ಒಂದು ಸಾಲೂ ಖಾಲಿ ಬಿಟ್ಟಿಲ್ಲಪ್ಪಾ ನಾವು."