ರೋಬೋನ ಹಣೆಗೆ ವಿಭೂತಿ

ಕುಷಾಯಿಗೂಡದ ಹತ್ತಿರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನನ್ನದು ಒಂದೇ ಕೆಲಸ: ತಯಾರಾಗಿ ಬಂದ ಯಂತ್ರ ಸರಿಯಿದೆಯೋ ಕೆಟ್ಟಿದೆಯೋ ನೋಡಿ ಚೀಟಿ ಅಂಟಿಸುವುದು. ನಿವೃತ್ತಿಯಾದರೂ ಚಟ ಬಿಡಲಿಲ್ಲ. ಲಕ್ವಾ ಹೊಡೆದು ಅವ್ವನ ಮಾತು ನಿಂತಾಗ ಮೂರು ದಿನ "ಅವ್ವಾ, ನಾ ಯಾರು ಹೇಳು?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಅವಳಿಗೆ ಎಷ್ಟು ತಿಳಿಯುತ್ತದೋ ಹೇಳಲಾಗದು ಎಂದಿದ್ದರು ಡಾಕ್ಟರು. ನಾನು ಡಾಕ್ಟರಿಗಿಂತ ಶಾಣ್ಯಾ. ಏನೂ ತಿಳಿಯುವುದಿಲ್ಲ ಎಂದು ಚೀಟಿ ಅಂಟಿಸಿಬಿಟ್ಟೆ.

ಎಂಟು ತಿಂಗಳು ಹಾಗೇ ಹೋಯಿತು. ಅಷ್ಟರಲ್ಲಿ ಕೊಂಡಾಪುರದಲ್ಲಿರುವ ಮಗಳು ಕಸ ಗುಡಿಸುವ ರೋಬೋ ಕಳಿಸಿದಳು. ರೊಟ್ಟಿ ಹಂಚಿನಷ್ಟು ಅಗಲ. ಮಂಚದ ಕೆಳಗೆ ಸಿಕ್ಕಿಕೊಂಡರೆ ಹಿಂದಿಯಲ್ಲಿ "ಮೈಂ ಫಸ್ ಗಯಾ ಹೂಂ" ಎನ್ನುತ್ತಿತ್ತು. ಹೆಂಡತಿ ಒಲೆ ಮೇಲಿನ ಹಾಲು ಬಿಟ್ಟು ಓಡಿ ಬರುತ್ತಿದ್ದಳು.

"ಪಾಪ, ಸಿಕ್ಕೊಂಡೀನಿ ಅಂತ ಒದರಾಕತ್ತೈತಿ, ಎತ್ರಿ!"

ನಾನು ಎತ್ತುತ್ತಿದ್ದೆ. ಎತ್ತುವಾಗ "ಪೆಟ್ಟಾತೇನೋ?" ಎಂದು ಕೇಳಿದ್ದೂ ಉಂಟು.

ಖಂಡೇನವಮಿಯ ಬೆಳಿಗ್ಗೆ ಧಾರವಾಡದಿಂದ ತಮ್ಮನ ಫೋನು ಬಂತು. ನನ್ನ ಹೆಂಡತಿಯ ಸೊಂಟ ಹೋಗಿತ್ತು, ಅವ್ವನನ್ನು ಎತ್ತಿ ಕೂರಿಸಲು ಆಗುತ್ತಿರಲಿಲ್ಲ. ತಮ್ಮ ಅಲ್ಲಿಯ ಒಂದು ವೃದ್ಧಾಶ್ರಮ ವಿಚಾರಿಸಿದ್ದ. ನಾನು ಅವ್ವನ ಮಂಚದ ಮೇಲೆಯೇ ಕೂತು ಹೇಳಿದೆ: "ಆತು, ಸೋಮವಾರ ಕರಕೊಂಡ ಬರ್ತೀನಿ. ಇಲ್ಲಿದ್ರೂ ಅಷ್ಟ, ಅಲ್ಲಿದ್ರೂ ಅಷ್ಟ. ಆಕಿಗೇನ ತಿಳೀತೈತಿ?"

ಆಮೇಲೆ ಆಯುಧಪೂಜೆ. ಮೊದಲು ಅವ್ವನ ಹಣೆಗೆ, ನಂತರ ಸ್ಕೂಟರು, ಮಿಕ್ಸರು, ಕರೆಂಟು ಅಳೆಯುವ ನನ್ನ ಹಳೆ ಮಲ್ಟಿಮೀಟರು, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ. ನಮ್ಮ ಮನೆಯಲ್ಲಿ ಯಂತ್ರಕ್ಕೂ ಹಣೆ ಯಾವುದೆಂದು ಹುಡುಕಿಯೇ ಹಚ್ಚುವ ಪದ್ಧತಿ. ರೋಬೋನ ಮುಂದೆ ಕರಿ ಗಾಜಿನ ಪಟ್ಟಿಯಿತ್ತು. ಅದೇ ಹಣೆ ಎಂದು ತೀರ್ಮಾನಿಸಿ ದಪ್ಪಗೆ ಬಳಿದೆ.

ಗುಂಡಿ ಒತ್ತಿದರೆ ಗೇಣುದ್ದ ಹೋಗಿ ನಿಂತಿತು. ಹಿಂದೆ ಸರಿಯಿತು. ಮತ್ತೆ ನಿಂತಿತು.

"ದೃಷ್ಟಿ ತಾಗೈತಿ ಅದಕ್ಕ," ಎಂದಳು ಹೆಂಡತಿ.

"ವಿಚಾರ ಮಾಡಾಕತ್ತೈತಿ, ತಡಿ," ಎಂದೆ ನಾನು.

ಅರ್ಧ ತಾಸು ಕಾದೆವು. ಬೋರಲು ಹಾಕಿ ಗಾಲಿ ಬಿಚ್ಚಿ ನೋಡಿದೆ, ಬ್ಯಾಟರಿ ಅಳೆದೆ. ಇಬ್ಬರೂ ನೆಲದ ಮೇಲೆ ಕೂತು ಅದಕ್ಕೆ ಸಮಾಧಾನ ಹೇಳುತ್ತಿದ್ದೆವು. ಆಗ ಮಂಚ ಕಿರುಗುಟ್ಟಿತು.

ಅವ್ವನ ಎಡಗೈ ಮೇಲೆದ್ದಿತ್ತು. ಅದು ನಿಧಾನವಾಗಿ ಅವಳ ಹಣೆಗೆ ಹೋಗಿ, ವಿಭೂತಿಯನ್ನು ಈ ತುದಿಯಿಂದ ಆ ತುದಿಗೆ ಒರೆಸಿತು. ಆಮೇಲೆ ರೋಬೋ ಕಡೆ ಬೆರಳು ಮಾಡಿತು.

ಹೆಂಡತಿ ಸೆರಗಿನಿಂದ ಗಾಜು ಒರೆಸಿದಳು. ರೋಬೋ ನೆಟ್ಟಗೆ ಅಡುಗೆಮನೆಗೆ ಹೋಯಿತು. ನಾನು ಹಣೆ ಎಂದದ್ದು ಅದರ ಕಣ್ಣಾಗಿತ್ತು. ಅದರ ಹಿಂದೆ ನಾವ್ಯಾರೂ ಹೋಗಲಿಲ್ಲ.

ಒದರುವುದಕ್ಕೆ ಮನಸ್ಸಿದೆ, ಸುಮ್ಮನೆ ಮಲಗಿದ್ದಕ್ಕೆ ಇಲ್ಲ ಎಂದು ನಂಬಿದವನು ನಾನು. ಅವ್ವನಿಗೆ ಇಷ್ಟು ತಿಳಿದಿದ್ದರೆ ಬೆಳಗಿನ ಫೋನೂ ತಿಳಿದಿತ್ತು. ಎಂಟು ತಿಂಗಳು ಅವಳ ತಲೆಯ ಮೇಲೆ ಆಡಿದ ಮಾತೆಲ್ಲ ತಿಳಿದಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮಂಚದ ಮೇಲೆ ಕೂತೆ. "ಅವ್ವಾ, ಆಶ್ರಮಕ್ಕ ಹೋಗ್ತೀಯೇನ?"

ಉತ್ತರ ಬರಲಿಲ್ಲ. ಈ ಸಲ ನಾನು ಮೊದಲಿನಂತೆ ಎದ್ದು ಹೋಗಲಿಲ್ಲ. ಒಳಗೆ ಕುಕ್ಕರ್ ಎರಡು ಸಲ ಕೂಗಿತು. ಅವ್ವನ ಎಡಗೈ ಹಾಸಿಗೆಯ ಮೇಲೆ ತೆವಳುತ್ತ ಬಂದು ನನ್ನ ಅಂಗಿಯ ಚುಂಗು ಹಿಡಿದುಕೊಂಡಿತು. ಬಿಡಲಿಲ್ಲ.

ಅಷ್ಟು ಹೇಳಲು ಅವಳಿಗೆ ಐದು ನಿಮಿಷ ಬೇಕಾಯಿತು. ಎಂಟು ತಿಂಗಳಲ್ಲಿ ನಾನು ಒಮ್ಮೆಯೂ ಐದು ನಿಮಿಷ ಕಾದಿರಲಿಲ್ಲ.