ಹಾರ ಹಾಕಿದ ಎಂಜಿನ್

ಹುನಗುಂದಕ್ಕ ಇನ್ನೂ ಕರೆಂಟ್ ಬರದ ಕಾಲ. ಅಲ್ಲಿನ ಕಸಬಿನ ಸಾಲ್ಯಾಗ ಕಲಿತು ಗಿರಣಿ ಹಾಕಿದ ಸಾಹುಕಾರರೊಬ್ರು ಅದೇ ಸಾಲಿಗೆ ಹೊಸಾ ಡೀಸೆಲ್ ಎಂಜಿನ್ ಕೊಟ್ಟಿದ್ರು. ಕೂಡಿಸಾಕ ಹೋದ ಕಂಪನಿ ಫಿಟರ್ ನಾ. ಒಂದೇ ಸಲ ಹ್ಯಾಂಡಲ್ ತಿರುವಿದ್ದಕ್ಕ ಧಡ್ ಧಡ್ ಅಂತ ಚಾಲೂ ಆತು! ಹೆಡ್‌ಮಾಸ್ತರು ಅದಕ್ಕ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದ್ರು.

"ಈಗ ಹುಡುಗರ ಕೈಲೆ ಪೂರಾ ಬಿಚ್ಚಿಸ್ರಿ," ಅಂದ್ರು ಸಾಹುಕಾರ್ರು.

"ಈಗಷ್ಟ ಕೂಡಿಸೇನಲ್ರಿ!" ಅಂತ ನಾ ಚೀರಿದೆ.

"ನಾ ಕಲಿಯುವಾಗ್ಲೂ ಇಲ್ಲೊಂದು ಎಂಜಿನ್ ಇತ್ರಿ. ಮುಟ್ಟಾಕ ಬಿಡಲಿಲ್ಲ, ಅದಕ್ಕ ಊದಿನಕಡ್ಡಿ ಬೆಳಗೋದಷ್ಟ ಕಲಿತೆ. ಕೆಟ್ಟರ ಕೆಡ್ಲಿ, ಬಿಚ್ಚಿಸ್ರಿ."

ಹುಡುಗರು ನಟ್ ಬಿಚ್ಚೋ ಪಾನಾ ಹಿಡಿದು ಮುಗಿಬಿದ್ರು. ಮತ್ತ ಚಾಲೂ ಆಗದಿದ್ರ ಕಂಪನಿಯವರು ನನ್ನ ಸುಮ್ಮನ ಬಿಡ್ತಿದ್ದಿಲ್ಲ. ಸಂಜೀಕ ಹುಡುಗರು ಜೋಡಿಸಿದ ಎಂಜಿನ್ ಧಡ್ ಧಡ್ ಅಂತು, ನಾನೂ ಕುಣಿದೆ!

ಹೆಡ್‌ಮಾಸ್ತರು ಈ ಸಲ ಹುಡುಗರಿಗೆ ಹಚ್ಚಾಕ ಕುಂಕುಮ ತಂದ್ರು. ಗ್ರೀಸ್ ಹತ್ತಲಾರದ ಹಣಿ ಒಂದೂ ಸಿಗಲಿಲ್ಲ.